ಎತ್ತರದ ಡ್ರೈವರ್‌ಗಾಗಿ ಕಾರಿನ ಸೀಟು ತಗ್ಗಿಸಿದ್ದು: ಅಳತೆ, ಖರ್ಚು, ಎಡವಟ್ಟು ಸಮೇತ

ನನ್ನ ಎತ್ತರ 6 ಅಡಿ 2 ಅಂಗುಲ. ಗಾಡಿ 2013ರ ಸಣ್ಣ ಹ್ಯಾಚ್‌ಬ್ಯಾಕ್. ಸೀಟನ್ನು ಮೇಲೆ ಕೆಳಗೆ ಮಾಡುವ ವ್ಯವಸ್ಥೆ ಇಲ್ಲ, ಹಿಂದೆ ಮುಂದೆ ಮಾತ್ರ ಸರಿಯುತ್ತದೆ. ಸ್ಟೀರಿಂಗ್ ಮೇಲೆ ಕೆಳಗೆ ಆಗುತ್ತದೆ, ನಮ್ಮ ಕಡೆಗೆ ಎಳೆದುಕೊಳ್ಳಲು ಆಗುವುದಿಲ್ಲ. ಏರ್‌ಬ್ಯಾಗ್ ಇಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಂದರೆ ಎರಡು. ಬೆಂಗಳೂರಿನ ಸಿಗ್ನಲ್‌ನಲ್ಲಿ ಮೊದಲ ಸಾಲಿನಲ್ಲಿ ನಿಂತರೆ ದೀಪ ಕಾಣುವುದಿಲ್ಲ. ಸ್ಟೀರಿಂಗ್ ಮೇಲೆ ಬಾಗಿ ಇಣುಕಬೇಕು, ಇಲ್ಲವೇ ಹಿಂದಿನವರ ಹಾರ್ನ್ ಕೇಳಿ ಹೊರಡಬೇಕು. ಎರಡನೆಯ ತೊಂದರೆ ಇದಕ್ಕಿಂತ ಅಪಾಯದ್ದು. ಒಳಗಿನ ಕನ್ನಡಿ ಸರಿಯಾಗಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಎಡಗಡೆಯಿಂದ ಬರುವ ಸ್ಕೂಟರ್ ಪೂರ್ತಿಯಾಗಿ ಅದರ ಹಿಂದೆ ಅಡಗಿಬಿಡುತ್ತದೆ.

ಎತ್ತರದವರು ಸಾಮಾನ್ಯವಾಗಿ ಕಾಲಿನಿಂದ ಶುರು ಮಾಡುತ್ತಾರೆ. ಸೀಟು ಹಿಂದಕ್ಕೆ ತಳ್ಳಿ, ಮಂಡಿಗೆ ಜಾಗ ಸಿಕ್ಕಿತಾ ಎಂದು ನೋಡಿ ಅಲ್ಲಿಗೇ ಬಿಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಓಡಿಸಿದೆ. ಈ ಸಲ ಕಣ್ಣು ಎಲ್ಲಿರಬೇಕು ಎಂದು ಮೊದಲು ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿದೆ.

1. ಅಳತೆ

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಸಮತಟ್ಟಾಗಿದೆ, ಎದುರಿಗೆ ಬಿಳಿ ಗೋಡೆ ಇದೆ. ನನ್ನ ಕಣ್ಣಿನಿಂದ ಗೋಡೆಗೆ ಸರಿಯಾಗಿ 5 ಮೀಟರ್ ಬರುವಂತೆ ಗಾಡಿ ನಿಲ್ಲಿಸಿದೆ. ನಾಲ್ಕೂ ಟೈರಿನ ಗಾಳಿ ಸರಿಮಾಡಿದೆ. ಟೇಪು, ನೂಲಿಗೆ ಕಟ್ಟಿದ ನಟ್ಟು, ಸೀಮೆಸುಣ್ಣ ಇಷ್ಟಿದ್ದರೆ ಸಾಕು. ಆದರೆ ಜೊತೆಗೊಬ್ಬರು ಬೇಕೇ ಬೇಕು. ಅಳೆಯುವಾಗ ನಾವೇ ಬಗ್ಗಿ ನೋಡಿದರೆ ಕಣ್ಣು ಜಾಗ ಬದಲಿಸುತ್ತದೆ, ಅಳತೆ ಸುಳ್ಳಾಗುತ್ತದೆ.

"ರೀ, ತಲೆ ನೆಟ್ಟಗೆ ಮಾಡ್ಕೊಂಡು ಕೂರಬೇಡಿ. ದಿನಾ ಹೇಗೆ ಕೂರ್ತೀರೋ ಹಾಗೇ ಕೂರಿ" ಎಂದಳು ನನ್ನ ಹೆಂಡತಿ. ಅವಳ ಮಾತು ಸರಿ. ಅಳತೆ ಅಂದ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆ ಒಂದು ಎಚ್ಚರಿಕೆಯಿಂದ ಮುಂದಿನ ಅಳತೆಗಳೆಲ್ಲ ಸರಿಬಂದವು.

ಬರೆದುಕೊಂಡದ್ದು ಇಷ್ಟು. ನೆಲದಿಂದ ಕಣ್ಣಿಗೆ 129 ಸೆಂ.ಮೀ. ತಲೆಗೂ ಚಾವಣಿ ಬಟ್ಟೆಗೂ ನಡುವೆ 2 ಸೆಂ.ಮೀ. ಮುಂದಿನ ಗಾಜು ಮೇಲೆ ಮುಗಿಯುವ ಅಂಚು ಕಣ್ಣಿನಿಂದ 42 ಸೆಂ.ಮೀ ಮುಂದೆ, ಬರೀ 9 ಸೆಂ.ಮೀ ಮೇಲೆ. ಕನ್ನಡಿಯ ಕೆಳಗಿನ ಅಂಚು ಕಣ್ಣಿಗಿಂತ 3 ಸೆಂ.ಮೀ ಕೆಳಗೆ. ಸೀಟಿನ ಬೆನ್ನು ನೆಟ್ಟಗೆ ನಿಂತ ಗೆರೆಯಿಂದ 22 ಡಿಗ್ರಿ ಹಿಂದಕ್ಕೆ ವಾಲಿತ್ತು. ಇದನ್ನು ಫೋನಿನ ಲೆವೆಲ್ ಆ್ಯಪ್‌ನಲ್ಲಿ ನೋಡಿದೆ.

ಆಮೇಲೆ ಗೋಡೆ ಪರೀಕ್ಷೆ. ಅವಳು ಗೋಡೆಯ ಮೇಲೆ ಕೋಲು ಏರಿಸುತ್ತಾ ಹೋದಳು. ಕೋಲಿನ ತುದಿ ಕಣ್ಣಿಗೆ ಮರೆಯಾದ ಜಾಗದಲ್ಲಿ ಗುರುತು ಹಾಕಿದೆವು. ನೆಲದಿಂದ 1.80 ಮೀಟರ್! ಐದು ಮೀಟರ್ ದೂರದಲ್ಲಿ ಒಬ್ಬ ಎತ್ತರದ ಆಳಿನ ತಲೆಗಿಂತ ಮೇಲಿನದು ಏನೂ ಕಾಣುತ್ತಿರಲಿಲ್ಲ. ಸಿಗ್ನಲ್ ದೀಪ ಕಾಣುವುದಾದರೂ ಹೇಗೆ?

ಕೆಳಗಿನ ನೋಟವನ್ನೂ ಅಳೆದೆವು. ನೆಲದ ಮೇಲೆ ಬಿಳಿ ಕಾಗದ ಇಟ್ಟು ಬಂಪರ್ ಕಡೆಗೆ ಎಳೆಯುತ್ತಾ ಬಂದರೆ, ಬಂಪರ್‌ನಿಂದ 2.7 ಮೀಟರ್‌ಗೆ ಬಂದಾಗ ಕಾಗದ ಮರೆಯಾಯಿತು. ಆಗ ಈ ಅಳತೆ ಸುಮ್ನೆ ಅನ್ನಿಸಿತು. ಕೊನೆಯಲ್ಲಿ ಇದೇ ಮುಖ್ಯವಾಯಿತು.

2. ಗಾಜಿನ ಮೇಲಿನ ಪಟ್ಟಿ

ಗಾಜಿನ ಮೇಲಂಚಿಗೆ 8 ಸೆಂ.ಮೀ ಅಗಲದ ಹಸಿರು ಪಟ್ಟಿ, ಅದರ ಮೇಲೆ ಮನೆದೇವರ ಹೆಸರು. ಗಾಡಿ ತಂದ ದಿನದಿಂದ ಇತ್ತು. ಸಾಮಾನ್ಯ ಎತ್ತರದವರಿಗೆ ಅದು ಬಿಸಿಲು ತಡೆಯುತ್ತದೆ. ನನ್ನ ಕಣ್ಣಿಗೆ ಅದು ಸಿಗ್ನಲ್ ದೀಪವನ್ನೇ ತಡೆಯುತ್ತಿತ್ತು.

ತೆಗೆಯಲು ಹೊರಟಾಗ ಅಮ್ಮ ಬೇಜಾರು ಮಾಡಿಕೊಂಡರು. "ದೇವರ ಹೆಸರನ್ನ ಕೀಳ್ತೀಯೇನೋ?" ಹಿಂದಿನ ಗಾಜಿನ ಕೆಳಗಿನ ಅಂಚಿಗೆ ಹೊಸದು ಹಾಕಿಸುತ್ತೇನೆ ಎಂದ ಮೇಲೆ ಒಪ್ಪಿದರು. ಮೊದಲು ಅದನ್ನು ಹಾಕಿಸಿ, ಆಮೇಲೆ ಇದಕ್ಕೆ ಕೈ ಹಾಕಿದೆ. 100 ರೂಪಾಯಿ.

ತೆಗೆಯುವ ರೀತಿ ಸುಲಭ. ಹೇರ್ ಡ್ರೈಯರ್‌ನಿಂದ ಒಂದು ತುದಿ ಬಿಸಿ ಮಾಡಿ, ನಿಧಾನವಾಗಿ ಗಾಜಿಗೆ ತಾಗಿಸಿಕೊಂಡೇ ಎಳೆಯಬೇಕು. ಉಳಿದ ಅಂಟನ್ನು ಸೋಪಿನ ನೀರು ಹಾಕಿ ಬ್ಲೇಡಿನಿಂದ ಕೆರೆಯಬೇಕು. ಒಣಗಾಜಿನ ಮೇಲೆ ಬ್ಲೇಡ್ ಓಡಿಸಿದರೆ ಗೀರು ಬೀಳುತ್ತದೆ.

ಮತ್ತೆ ಗೋಡೆ ಪರೀಕ್ಷೆ: 2.36 ಮೀಟರ್. ಅಂದರೆ 56 ಸೆಂ.ಮೀ ಲಾಭ. ಇಡೀ ಕೆಲಸದಲ್ಲಿ ಅತಿ ದೊಡ್ಡ ಲಾಭ ಸಿಕ್ಕಿದ್ದು ಇಲ್ಲೇ. ಎತ್ತರದವರು ಯಾರೇ ಆಗಲಿ, ಸೀಟಿಗೆ ಸ್ಪ್ಯಾನರ್ ಹಚ್ಚುವ ಮುಂಚೆ ಗಾಜಿನ ಮೇಲೆ ಏನೇನು ಅಂಟಿಸಿದ್ದೀರಿ ನೋಡಿಕೊಳ್ಳಿ. ಪಟ್ಟಿ, ಸ್ಟಿಕ್ಕರ್, ಕನ್ನಡಿಗೆ ನೇತುಹಾಕಿದ ಮಣಿಸರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುಂದಿನ ಗಾಜಿನಲ್ಲಿ ಶೇ 70ರಷ್ಟು ಬೆಳಕು ಹಾಯಬೇಕು ಎಂದು ನಿಯಮವೂ ಇದೆ.

3. ಕೈಬಿಟ್ಟ ಯೋಚನೆ: ರೇಲಿನ ಕೆಳಗೆ ಪಟ್ಟಿ

ಸೀಟಿನ ರೇಲಿಗೂ ನೆಲಕ್ಕೂ ನಡುವೆ 8 ಮಿ.ಮೀ ಕಬ್ಬಿಣದ ಪಟ್ಟಿ ಕೊಟ್ಟು ಸೀಟನ್ನು 5 ಸೆಂ.ಮೀ ಹಿಂದಕ್ಕೆ ತರಬಹುದು ಎಂದು ಹಲವರು ಹೇಳಿದರು. ಪೀಣ್ಯದಲ್ಲಿ ಲೇಥ್ ಇಟ್ಟಿರುವ ಪರಿಚಯದವರು ಮಾಡಿಕೊಡಲು ತಯಾರಿದ್ದರು. ಮೊದಲು ಪ್ಲೈವುಡ್ ತುಂಡುಗಳಲ್ಲಿ ಮಾದರಿ ಮಾಡಿ, ನಿಂತ ಗಾಡಿಯಲ್ಲಿ ಇಟ್ಟು ನೋಡಿದೆ. ಮಂಡಿಗೆ ಜಾಗ ಸಿಕ್ಕಿತು. ಆದರೆ ಪಟ್ಟಿಯ ದಪ್ಪದಷ್ಟು ಸೀಟು ಮೇಲೆದ್ದಿತು. ಬೋಲ್ಟಿನ ತಲೆಗೆ ಜಾಗ ಬೇಕೆಂದರೆ ಇನ್ನೂ ಒಂದಿಷ್ಟು ಏರುತ್ತಿತ್ತು. ನನಗೆ ಬೇಕಾದದ್ದು ಇಳಿಯುವುದು, ಇದು ಏರಿಸುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮ ಗಾಡಿಯಲ್ಲಿ ಬೆಲ್ಟಿನ ಬಕಲ್ ಸೀಟಿನ ಚೌಕಟ್ಟಿಗೇ ಬೋಲ್ಟ್ ಆಗಿದೆ. ಡಿಕ್ಕಿಯಾದರೆ ನನ್ನ ಭಾರ ಬೆಲ್ಟಿನಿಂದ ಬಕಲ್‌ಗೆ, ಬಕಲ್‌ನಿಂದ ಸೀಟನ್ನು ನೆಲಕ್ಕೆ ಹಿಡಿದಿರುವ ನಾಲ್ಕು ಬೋಲ್ಟುಗಳಿಗೆ ಹೋಗುತ್ತದೆ. ನಡುವೆ ಯಾವ ಪರೀಕ್ಷೆಯೂ ಆಗದ ಪಟ್ಟಿ ತೂರಿಸಿದರೆ, ಅದು ತಡೆಯುತ್ತದೋ ಇಲ್ಲವೋ ಗೊತ್ತಾಗುವುದು ಡಿಕ್ಕಿಯಾದಾಗಲೇ. ಸೀಟಿನ ಬೋಲ್ಟು, ರೇಲು, ನೆಲ ಈ ಮೂರನ್ನೂ ಮುಟ್ಟಬಾರದು ಎಂದು ಆಗಲೇ ತೀರ್ಮಾನಿಸಿದೆ. ಕತ್ತರಿಸುವುದೇನಿದ್ದರೂ ಫೋಮನ್ನು ಮಾತ್ರ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಆರ್‌ಸಿ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. ಫೋಮ್ ಕೆಲಸದಲ್ಲಿ ಆ ಚಿಂತೆ ಇಲ್ಲ.

4. ಸೀಟು ಬಿಚ್ಚಿದ್ದು

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿದೆ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಇದ್ದರೆ ಸೀಟಿನಲ್ಲೇ ಏರ್‌ಬ್ಯಾಗ್ ಇದೆ ಅಂತ ಅರ್ಥ. ಅಂಥ ಗಾಡಿಯವರು ಇಲ್ಲಿಗೇ ನಿಲ್ಲಿಸಿ. ಈ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ನನ್ನದರಲ್ಲಿ ಇರಲಿಲ್ಲ.

ನಾಲ್ಕು ಬೋಲ್ಟು, 14ರ ಸಾಕೆಟ್. ಸೀಟನ್ನು ಪೂರ್ತಿ ಮುಂದಕ್ಕೆ ತಂದು ಹಿಂದಿನೆರಡು, ಪೂರ್ತಿ ಹಿಂದಕ್ಕೆ ತಳ್ಳಿ ಮುಂದಿನೆರಡು. ಹೊರಗೆ ತೆಗೆಯುವಾಗ ಬಾಗಿಲ ಅಂಚಿಗೆ ಹಳೇ ಬೆಡ್‌ಶೀಟ್ ಹೊದಿಸಿ, ಇಲ್ಲದಿದ್ದರೆ ರೇಲು ತಾಗಿ ಪೇಂಟ್ ಹೋಗುತ್ತದೆ. ಕವರ್ ಅನ್ನು ಚೌಕಟ್ಟಿಗೆ ಪ್ಲಾಸ್ಟಿಕ್ ಕೊಕ್ಕೆಗಳು ಹಿಡಿದಿರುತ್ತವೆ, ಫೋಮಿನ ಒಳಗಿರುವ ತಂತಿಗೆ ಸಣ್ಣ ಉಕ್ಕಿನ ರಿಂಗುಗಳು ಹಿಡಿದಿರುತ್ತವೆ. ರಿಂಗು ಕಟ್ ಮಾಡಿ ತೆಗೆಯಬೇಕು, ಮತ್ತೆ ಹಾಕುವಾಗ ಹೊಸದೇ ಬೇಕು.

ಫೋಮಿನ ದಪ್ಪ ಹಿಂಭಾಗದಲ್ಲಿ 95 ಮಿ.ಮೀ, ಮುಂದೆ ತೊಡೆಯ ಕೆಳಗೆ 110. ಅದರ ಕೆಳಗೆ ಅಂಕುಡೊಂಕಾದ ಸ್ಪ್ರಿಂಗ್ ತಂತಿಗಳು.

5. ಫೋಮ್ ಕೊಯ್ದದ್ದು, ಜಾಸ್ತಿ ಕೊಯ್ದದ್ದು

ಬಡಾವಣೆಯ ಕುಶನ್ ಅಂಗಡಿಯ ಭಾಯ್‌ಗೆ ಫೋಮ್ ತೋರಿಸಿದೆ. "ಸಾರ್, ಮೇಲ್ಗಡೆ ಮುಟ್ಟಬೇಡಿ. ಕೆಳಗಿಂದ ಕುಯ್ಯಿರಿ. ಮೇಲಿನ ಶೇಪ್ ಹೋದ್ರೆ ಕವರ್ ಕೂರಲ್ಲ" ಎಂದರು. ಜೊತೆಗೆ ಇನ್ನೊಂದು ಮಾತು ಹೇಳಿದರು: ಕವರ್ ಹಿಡಿಯುವ ತಂತಿ ಫೋಮಿನ ಮಧ್ಯದಲ್ಲಿ ಓಡುತ್ತದೆ, ಅದಕ್ಕೆ ಎರಡು ಬೆರಳು ಕೆಳಗೇ ಚಾಕು ನಿಲ್ಲಬೇಕು.

ಹಿಂದಿನ ಮುಕ್ಕಾಲು ಭಾಗದಲ್ಲಿ ಮಾತ್ರ ಕೊಯ್ದೆ. ತೊಡೆಯ ಕೆಳಗಿನದನ್ನು ಹಾಗೇ ಬಿಟ್ಟೆ. ಎತ್ತರದವರಿಗೆ ತೊಡೆಗೆ ಆಸರೆ ಮೊದಲೇ ಕಡಿಮೆ, ಅಲ್ವಾ? ಹಿಂಭಾಗ ಇಳಿದು ಮುಂಭಾಗ ಹಾಗೇ ಉಳಿದರೆ ತೊಡೆ ಫೋಮಿನ ಮೇಲೆ ಚೆನ್ನಾಗಿ ಕೂರುತ್ತದೆ. ಹ್ಯಾಕ್ಸಾ ಬ್ಲೇಡನ್ನು ಬಟ್ಟೆಯಿಂದ ಹಿಡಿದು, ಗೆರೆ ಹಾಕಿ, ಪದರ ಪದರವಾಗಿ ತೆಗೆದೆ. ಅಡುಗೆಮನೆ ಚಾಕು ಫೋಮನ್ನು ಎಳೆಯುತ್ತದೆ, ಹಲ್ಲಿನ ಬ್ಲೇಡ್ ಸರಿಯಾಗಿ ಕತ್ತರಿಸುತ್ತದೆ.

ಒಟ್ಟು 35 ಮಿ.ಮೀ ತೆಗೆದೆ. ಕವರನ್ನು ತಾತ್ಕಾಲಿಕವಾಗಿ ಕಟ್ಟಿ ಸೀಟು ಕೂರಿಸಿ ಅಳೆದರೆ ಕಣ್ಣು ಇಳಿದದ್ದು 26 ಮಿ.ಮೀ. ಕೊಯ್ದಷ್ಟೂ ಇಳಿಯುವುದಿಲ್ಲ. ತೆಗೆದ ಫೋಮ್ ಹೇಗಿದ್ದರೂ ಭಾರಕ್ಕೆ ಒಂದಿಷ್ಟು ಕುಗ್ಗುತ್ತಿತ್ತು, ಅದು ಲೆಕ್ಕದಿಂದ ಹೋಗುತ್ತದೆ. ಅದಕ್ಕೇ ಫೋಮ್ ಅಳೆದು ತೃಪ್ತಿಪಡಬೇಡಿ, ಕೂತು ಕಣ್ಣನ್ನೇ ಅಳೆಯಿರಿ.

26 ನೋಡಿ ಖುಷಿಯಾಯಿತು. ಊರೊಳಗೆ ಓಡಿಸಿದಾಗಲೂ ಚೆನ್ನಾಗಿತ್ತು. ತುಮಕೂರಿಗೆ ಹೋಗಿ ಬರುವಷ್ಟರಲ್ಲಿ ಬಾಲಮೂಳೆ ನೋಯತೊಡಗಿತು. ಪ್ರತಿ ಹಂಪ್‌ಗೂ ಸ್ಪ್ರಿಂಗ್ ತಂತಿ ನೇರವಾಗಿ ಮೂಳೆಗೆ ತಾಗುತ್ತಿತ್ತು. ಬಿಚ್ಚಿ ನೋಡಿದರೆ ಫೋಮಿನ ತಳದಲ್ಲಿ ತಂತಿಯ ಗುರುತು ಆಳವಾಗಿ ಬಿದ್ದಿತ್ತು. ಹಾಗೇ ಬಿಟ್ಟಿದ್ದರೆ ಕೆಲವೇ ತಿಂಗಳಲ್ಲಿ ತಂತಿಗಳು ಫೋಮನ್ನು ಸೀಳಿಬಿಡುತ್ತಿದ್ದವು. ನನ್ನ ತೂಕ 92 ಕೆ.ಜಿ. ಉಳಿದ 60 ಮಿ.ಮೀ ಮೆತ್ತನೆ ಫೋಮ್‌ಗೆ ಅದು ಜಾಸ್ತಿಯೇ.

6. ಸರಿಪಡಿಸಿದ್ದು

ಸ್ಪ್ರಿಂಗ್ ಮೇಲೆ ಮೊದಲು ಗೋಣಿಬಟ್ಟೆ. ಅದನ್ನು ಎಳೆದು ಚೌಕಟ್ಟಿಗೆ ಹೊಲಿದೆ. ಅದರ ಮೇಲೆ 10 ಮಿ.ಮೀ ದಪ್ಪದ, 100 ಡೆನ್ಸಿಟಿಯ ರೀಬಾಂಡೆಡ್ ಫೋಮ್. ಚೂರುಗಳನ್ನು ಒತ್ತಿ ಮಾಡಿದ, ಬಣ್ಣಬಣ್ಣದ ಚುಕ್ಕಿ ಇರುವ ಗಟ್ಟಿ ಫೋಮ್ ಇದು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ತುಂಡಾಗಿ ಸಿಕ್ಕಿತು. ಅದು ಭಾರವನ್ನು ಎಲ್ಲ ತಂತಿಗಳಿಗೂ ಹಂಚುತ್ತದೆ, ತಾನು ಹೆಚ್ಚು ಕುಗ್ಗುವುದಿಲ್ಲ. ಅದರ ಮೇಲೆ ಹಳೆಯ ಫೋಮ್. ನಡುವೆ ರಬ್ಬರ್ ಗಮ್ ಎರಡೂ ಕಡೆ ತೆಳ್ಳಗೆ ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಕೂಡಿಸಬೇಕು. ಬಾಗಿಲು ತೆರೆದ ಜಾಗದಲ್ಲೇ ಮಾಡಿ, ಅದರ ವಾಸನೆ ತಲೆ ಸುತ್ತಿಸುತ್ತದೆ. ಕವರನ್ನು ಭಾಯ್ ಕೈಯಲ್ಲೇ ಹೊಸ ರಿಂಗು ಹಾಕಿಸಿ ಎಳೆಸಿದೆ. ಆ ಬಿಗಿ ನನ್ನ ಕೈಗೆ ಬರುವಂಥದ್ದಲ್ಲ.

ಕಣ್ಣು ಈಗ ಮೊದಲಿಗಿಂತ 17 ಮಿ.ಮೀ ಕೆಳಗೆ. 26ರಲ್ಲಿ 9 ಬಿಟ್ಟುಕೊಟ್ಟೆ. ತಂತಿ ತಾಗುವುದು ಪೂರ್ತಿ ನಿಂತಿತು.

ಇದರಿಂದ ಇನ್ನೊಂದು ಲಾಭವೂ ಸಿಕ್ಕಿತು. ಸೀಟಿನ ಬೆನ್ನು ಇದ್ದಲ್ಲೇ ಇದೆ, ನಾನು ಮಾತ್ರ ಇಳಿದೆ. ಹಾಗಾಗಿ ಹೆಡ್‌ರೆಸ್ಟ್ ನನ್ನ ತಲೆಗೆ 17 ಮಿ.ಮೀ ಮೇಲೆ ಬಂತು. ಮೊದಲು ಅದು ಕಿವಿಯ ಮಟ್ಟಕ್ಕೆ ನಿಲ್ಲುತ್ತಿತ್ತು. ಹಿಂದಿನಿಂದ ಯಾರಾದರೂ ಗುದ್ದಿದರೆ ಕತ್ತು ಹಿಂದಕ್ಕೆ ಮುರಿಯುವಂಥ ಜಾಗ ಅದು. ಹೆಡ್‌ರೆಸ್ಟಿನ ಮೇಲ್ತುದಿ ತಲೆಯ ಮೇಲ್ಭಾಗದ ಮಟ್ಟಕ್ಕೆ ಬರಬೇಕು. ನನ್ನದು ಇನ್ನೂ ಸ್ವಲ್ಪ ಕಮ್ಮಿಯೇ ಇದೆ, ಆದರೂ ಮೊದಲಿಗಿಂತ ವಾಸಿ. ಬೆಲ್ಟ್ ಕೂಡ ಈಗ ಭುಜದ ನಡುವೆ ಕೂರುತ್ತದೆ.

7. ಬೆನ್ನಿನ ವಾಲಿಕೆ

ಬೆನ್ನನ್ನು 22ರಿಂದ 25 ಡಿಗ್ರಿಗೆ ವಾಲಿಸಿದೆ. ಬರೀ ಮೂರು ಡಿಗ್ರಿ. ಕಣ್ಣು ಇನ್ನೂ 16 ಮಿ.ಮೀ ಇಳಿದು ಸುಮಾರು 4 ಸೆಂ.ಮೀ ಹಿಂದಕ್ಕೆ ಹೋಯಿತು. ಫೋಮ್ ಕೆಲಸದಷ್ಟೇ ಲಾಭ, ಖರ್ಚಿಲ್ಲದೆ. ಒಟ್ಟು 33 ಮಿ.ಮೀ.

ಹಾಗಾದರೆ 30 ಡಿಗ್ರಿ ಮಾಡಬಾರದೇ? ಮಾಡಿ ನೋಡಿದೆ. ಭುಜ ಸೀಟಿಗೆ ತಾಗಿರುವಾಗ ಚಾಚಿದ ಕೈಯ ಮಣಿಕಟ್ಟು ಸ್ಟೀರಿಂಗ್‌ನ ಮೇಲ್ತುದಿಯ ಮೇಲೆ ಬರಬೇಕು. 25ರಲ್ಲಿ ಬರುತ್ತದೆ, 30ರಲ್ಲಿ ಬೆರಳುಗಳಷ್ಟೇ ತಲುಪುತ್ತವೆ. ತುರ್ತಾಗಿ ಸ್ಟೀರಿಂಗ್ ತಿರುಗಿಸಬೇಕಾದಾಗ ಬೆನ್ನು ಸೀಟು ಬಿಟ್ಟು ಮುಂದೆ ಬರುತ್ತದೆ. ಜೊತೆಗೆ ಕತ್ತು ಎತ್ತಿ ಹಿಡಿಯಬೇಕಾಗುತ್ತದೆ, ಬೇಗ ನೋವು ಶುರುವಾಗುತ್ತದೆ. 25ರಲ್ಲೇ ನಿಲ್ಲಿಸಿದೆ. ಏರ್‌ಬ್ಯಾಗ್ ಇರುವ ಗಾಡಿಯವರು ಇನ್ನೊಂದು ಅಳತೆ ನೋಡಿಕೊಳ್ಳಿ. ಎದೆಮೂಳೆಗೂ ಸ್ಟೀರಿಂಗ್ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ ಇರಲಿ ಎಂದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಹೇಳುತ್ತದೆ. ಉದ್ದ ಕಾಲಿನವರಿಗೆ ಇದು ಸಾಮಾನ್ಯವಾಗಿ ಸುಲಭ.

ಗೋಡೆ ಪರೀಕ್ಷೆ: 2.59 ಮೀಟರ್. ತಲೆಯ ಮೇಲೆ ಸುಮಾರು 5 ಸೆಂ.ಮೀ ಜಾಗ.

8. ಒಳಗಿನ ಕನ್ನಡಿ

ಕನ್ನಡಿ ಗಾಜಿಗೆ ಅಂಟಿಸಿದ ಲೋಹದ ಬಿಲ್ಲೆಯ ಮೇಲೆ ಕೂತಿದೆ. ಬಿಲ್ಲೆ ಮೇಲೇರಿಸಬೇಕು. ಮೊದಲು ಕನ್ನಡಿಯ ಅಳತೆಗೆ ರಟ್ಟು ಕತ್ತರಿಸಿ ಟೇಪಿನಲ್ಲಿ ಅಂಟಿಸಿ ನೋಡಿದೆ. ಕನ್ನಡಿಯನ್ನೇ ಕೈಯಲ್ಲಿ ಹಿಡಿದೂ ನೋಡಿದೆ. 6 ಸೆಂ.ಮೀ ಏರಿಸಿದರೆ ಮುಂದಿನ ನೋಟ ಬಹಳ ಚೆಂದ, ಆದರೆ ಹಿಂದಿನ ಗಾಜಿನ ಮೇಲಿನ ಭಾಗವನ್ನು ಚಾವಣಿ ಕತ್ತರಿಸುತ್ತದೆ. 4 ಸೆಂ.ಮೀಗೆ ಎರಡೂ ಸರಿಹೋಯಿತು. ಫಾಸ್ಟ್ಯಾಗ್ ಎಲ್ಲಿದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಕಿತ್ತು ಮತ್ತೆ ಅಂಟಿಸಿದರೆ ಅದು ಕೆಲಸಕ್ಕೆ ಬರುವುದಿಲ್ಲ.

ಕನ್ನಡಿಯನ್ನು ಬಿಲ್ಲೆಯಿಂದ ಜಾರಿಸಿ ತೆಗೆದೆ. ಬಿಲ್ಲೆಯನ್ನು ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ಮೀನು ಹಿಡಿಯುವ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆದೆ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಗಾಜು ಬಿರುಕು ಬಿಡುತ್ತದೆ, ಆ ದಾರಿ ಹಿಡಿಯಲೇಬೇಡಿ. ಹೊಸ ಜಾಗದ ಗುರುತನ್ನು ಗಾಜಿನ ಹೊರಗಡೆಯಿಂದ ಹಾಕಿದೆ.

ಮೊದಲ ಸಲ ಅಂಟಿಸಿದ್ದು ಚಳಿಗಾಲದ ಬೆಳಿಗ್ಗೆ. ಗಾಜು ತಣ್ಣಗಿತ್ತು, ಒಳಗೆ ಸಣ್ಣಗೆ ತೇವ ಇದ್ದಿರಬೇಕು. ಮರುದಿನ ಬಿಸಿಲಿಗೆ ನಿಲ್ಲಿಸಿದಾಗ ಕನ್ನಡಿ ಬಿಲ್ಲೆ ಸಮೇತ ಗೇರಿನ ಮೇಲೆ ಬಿತ್ತು. ಓಡಿಸುವಾಗ ಬಿದ್ದಿದ್ದರೆ ಏನಾಗುತ್ತಿತ್ತೋ. ಎರಡನೇ ಸಲ ಮಧ್ಯಾಹ್ನದ ಹೊತ್ತಿನಲ್ಲಿ ನೆರಳಿನಲ್ಲಿ ಮಾಡಿದೆ. ಹಳೆಯ ಅಂಟು ಪೂರ್ತಿ ಕೆರೆದು, ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ ಅಂಟಿಸಿದೆ. ಒಂದು ದಿನ ಕನ್ನಡಿ ತೂಗುಹಾಕದೆ ಬಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಗಟ್ಟಿಯಾಗಿದೆ.

ಕನ್ನಡಿಯ ಕೆಳ ಅಂಚು ಈಗ ಕಣ್ಣಿಗಿಂತ 4 ಸೆಂ.ಮೀಗೂ ಹೆಚ್ಚು ಮೇಲಿದೆ. ಎಡಗಡೆ ಪೂರ್ತಿ ತೆರೆದುಕೊಂಡಿತು.

9. ಖರ್ಚು

ಹಿಂದಿನ ಗಾಜಿನ ಸ್ಟಿಕ್ಕರ್ 100, ಬ್ಲೇಡ್ 20, ರೀಬಾಂಡೆಡ್ ಫೋಮ್ 180, ರಬ್ಬರ್ ಗಮ್ 120, ಕವರ್ ಎಳೆದ ಕೂಲಿ ರಿಂಗು ಸೇರಿ 400, ಕನ್ನಡಿಯ ಅಂಟು 150. ಒಟ್ಟು 970 ರೂಪಾಯಿ. ಗೋಣಿಚೀಲ ಮನೆಯಲ್ಲೇ ಇತ್ತು, ಸಾಕೆಟ್ ಸೆಟ್ ಮೊದಲೇ ಇತ್ತು.

10. ಕಳೆದುಕೊಂಡದ್ದು

ಇದನ್ನು ಓದದೆ ಫೋಮ್ ಕೊಯ್ಯಬೇಡಿ. ಕಣ್ಣು ಇಳಿದರೆ ಮೇಲಿನದು ಕಾಣುತ್ತದೆ, ಕೆಳಗಿನದು ಮರೆಯಾಗುತ್ತದೆ. ನೆಲದ ಮೇಲಿನ ಕಾಗದ ಮೊದಲು ಬಂಪರ್‌ನಿಂದ 2.7 ಮೀಟರ್‌ವರೆಗೆ ಕಾಣುತ್ತಿತ್ತು. ಈಗ 3.2 ಮೀಟರ್‌ಗೇ ಮರೆಯಾಗುತ್ತದೆ. ಅರ್ಧ ಮೀಟರ್ ಹೋಯಿತು. ಓಣಿಯಲ್ಲಿ ಮಕ್ಕಳು, ನಾಯಿಮರಿ ಇರುವ ಕಡೆ ಈ ಅರ್ಧ ಮೀಟರ್ ಸಣ್ಣದಲ್ಲ. ಹೊರಡುವ ಮುಂಚೆ ಗಾಡಿಯ ಮುಂದೆ ನಡೆದು ನೋಡಿಯೇ ಹತ್ತುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಎತ್ತರ ಕಡಿಮೆ ಇರುವವರು ಇದೇ ಗಾಡಿ ಓಡಿಸುವುದಾದರೆ ಈ ಕೆಲಸ ಮಾಡಲೇಬಾರದು. ನನ್ನ ಹೆಂಡತಿ ಈ ಗಾಡಿ ಓಡಿಸುವಾಗ ಈಗ ಒಂದು ಗಟ್ಟಿ ಕುಶನ್ ಹಾಕಿಕೊಳ್ಳಬೇಕಾಗಿದೆ. ಅದು ಜಾರದಂತೆ ಸೀಟಿಗೆ ಕಟ್ಟುವ ಪಟ್ಟಿ ಹೊಲಿಸಿದ್ದೇವೆ.

ಸ್ಪೀಡೋಮೀಟರಿನ ಮೇಲಿನ ಅಂಕಿಗಳನ್ನು ಸ್ಟೀರಿಂಗ್ ಸ್ವಲ್ಪ ಮುಚ್ಚುತ್ತದೆ. ಮಂಡಿಗಾಗಿ ಸ್ಟೀರಿಂಗ್ ಪೂರ್ತಿ ಮೇಲೆತ್ತಿದ್ದೆ, ಈಗ ಒಂದು ಹಂತ ಇಳಿಸಿದ್ದೇನೆ. ಮಂಡಿಗೆ ಈ ಇಡೀ ಕೆಲಸದಿಂದ ಸಿಕ್ಕಿದ್ದು ಬಹಳ ಕಡಿಮೆ. ಕೀ ಗೊಂಚಲು ತೆಗೆದು ಒಂದೇ ಕೀ ಇಟ್ಟುಕೊಂಡಿದ್ದೇ ಅಲ್ಲಿ ಆದ ದೊಡ್ಡ ಉಪಕಾರ. ಮೊದಲು ಗೊಂಚಲು ಮಂಡಿಗೆ ಬಡಿಯುತ್ತಿತ್ತು. ಬೆನ್ನು ವಾಲಿದ್ದರಿಂದ ನನ್ನ ಹಿಂದೆ ಕೂರುವವರಿಗೆ ಇಕ್ಕಟ್ಟು. ಅಮ್ಮ ಎಡಗಡೆಯೇ ಕೂರುತ್ತಾರೆ.

ತಲೆ 4 ಸೆಂ.ಮೀ ಹಿಂದೆ ಹೋಗಿದ್ದರಿಂದ ಬಲಗಡೆಯ ನಡುಗಂಬ ಕಣ್ಣಿಗೆ ಹತ್ತಿರವಾಗಿದೆ. ಓರೆಯಾಗಿ ಸೇರುವ ರಸ್ತೆಯಲ್ಲಿ ಬಲಕ್ಕೆ ನೋಡುವಾಗ ಸ್ವಲ್ಪ ಮುಂದೆ ಬಾಗಬೇಕು. ಹೊರಗಿನ ಎರಡೂ ಕನ್ನಡಿಗಳನ್ನು ಹೊಸದಾಗಿ ಹೊಂದಿಸುವುದು ಕಡ್ಡಾಯ, ಹಳೆಯ ಹೊಂದಿಕೆ ಈಗ ಆಕಾಶ ತೋರಿಸುತ್ತದೆ.

ಇಷ್ಟೆಲ್ಲ ಯಾಕೆ, ಸ್ಯಾಂಟ್ರೊ, ವ್ಯಾಗನ್ಆರ್ ಥರದ ಎತ್ತರದ ಗಾಡಿ ತಗೋಬಹುದಲ್ಲ ಎಂದು ಕೇಳಿದವರಿದ್ದಾರೆ. 1998, 1999ರಲ್ಲಿ ಅವು ಬಂದಾಗಿನಿಂದ ಎತ್ತರದವರಿಗೆ ಎಲ್ಲರೂ ಕೊಡುವ ಸಲಹೆ ಇದು. ತಲೆಗೆ ಜಾಗ ಸಿಗುತ್ತದೆ ನಿಜ. ಆದರೆ ಚಾವಣಿ ಏರಿದಾಗ ಸೀಟೂ ಏರಿರುತ್ತದೆ. ಗಾಜಿನ ಮೇಲಂಚು ಕಣ್ಣಿಗಿಂತ ಎಷ್ಟು ಮೇಲಿದೆ ಎಂಬುದನ್ನು ಪ್ರತಿ ಗಾಡಿಯಲ್ಲೂ ಕೂತೇ ನೋಡಬೇಕು. ಕೊಳ್ಳುವಾಗ ಶೋರೂಮಿಗೆ ಟೇಪು ತೆಗೆದುಕೊಂಡು ಹೋಗಿ.

11. ರಸ್ತೆಯಲ್ಲಿ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಿ ಬಂದೆವು. ಹೇರ್‌ಪಿನ್‌ನಲ್ಲಿ ಎಡಕ್ಕೆ ತಿರುಗುವಾಗ ಮೊದಲು ಕನ್ನಡಿ ಅಡ್ಡ ಬಂದು, ಕೆಳಗಿನಿಂದ ಹತ್ತುವ ಬಸ್ಸು ತೀರಾ ಹತ್ತಿರ ಬಂದ ಮೇಲೆ ಕಾಣುತ್ತಿತ್ತು. ಈಗ ತಿರುವಿಗೆ ಮುಂಚೆಯೇ ಕಾಣುತ್ತದೆ. ಹತ್ತುವಾಗ ಮೇಲಿನ ರಸ್ತೆಯೂ ಕಾಣುತ್ತದೆ. ಸೊಂಟ ನೋಯಲಿಲ್ಲ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಗೆರೆಗಿಂತ ಒಂದು ಗಾಡಿಯುದ್ದ ಹಿಂದೆ ನಿಂತರೆ ಬಾಗದೆಯೇ ದೀಪ ಕಾಣುತ್ತದೆ. ಗೆರೆಯ ಮೇಲೇ ನಿಂತರೆ ಕೆಲವು ಕಡೆ ಈಗಲೂ ಇಲ್ಲ.

ಬಾಕಿ ಇರುವುದು ಬಿಸಿಲು ಮರೆ. ಇಳಿಸಿದರೆ ಅದು ಗಾಜಿನ ಅರ್ಧ ಮುಚ್ಚುತ್ತದೆ, ಹಸಿರು ಪಟ್ಟಿ ಹೋದ ಮೇಲೆ ಸಂಜೆ ಮೈಸೂರು ರಸ್ತೆಯಲ್ಲಿ ಪಡುವಣಕ್ಕೆ ಓಡಿಸುವುದು ಕಷ್ಟವಾಗಿದೆ. ಅಗಲ ಅರ್ಧಕ್ಕೆ ಇಳಿಸಿದ ಮರೆಯನ್ನು ಭಾಯ್ ಹತ್ತಿರ ಹೊಲಿಸಲು ಕೊಟ್ಟಿದ್ದೇನೆ.